ಇಪ್ಪತ್ತೊಂದನೇ ಮೆಂಬರು

ಅಮ್ಮ ನಮ್ಮ ಬೀದಿಯ ಇಪ್ಪತ್ತು ಹೆಂಗಸರ ಚೀಟಿ ನಡೆಸುತ್ತಾಳೆ. ಲೆಕ್ಕವೆಲ್ಲ ಒಂದು ಹಳೇ ಡೈರಿಯಲ್ಲಿ. ಮಗ ಸಾಫ್ಟ್‌ವೇರ್‌ನಲ್ಲಿದ್ದೂ ತಾಯಿ ಪೆನ್ಸಿಲ್ಲಿನಲ್ಲಿ ಕೂಡಿ ಕಳೆಯುವುದೇ ಎಂದು ಒಂದು ಶನಿವಾರ ನನಗೆ ಇದ್ದಕ್ಕಿದ್ದಂತೆ ಮಾತೃಭಕ್ತಿ ಉಕ್ಕಿತು. ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯಲು ಕೂತೆ. ಎಕ್ಸೆಲ್ಲಿನಲ್ಲಿ ಹತ್ತು ನಿಮಿಷದ ಕೆಲಸ ಅಂತ ನೀವು ಹೇಳಬಹುದು. ಹೆಂಡತಿಯೂ ಅದನ್ನೇ ಹೇಳಿದಳು.

ಅಮ್ಮನದು ಒಂದೇ ಷರತ್ತು. "ಸಾಲು ಸೊಟ್ಟಗಿರಬಾರದು ನೋಡು. ಒಬ್ಬರ ದುಡ್ಡು ಇನ್ನೊಬ್ಬರ ಹೆಸರಿಗೆ ಓದಿಬಿಡ್ತೀನಿ." ಸರಿ, ಮೊದಲು ಎಲ್ಲ ಹೆಸರನ್ನೂ, ಉದ್ದ ಎಷ್ಟೆಂದು ಹೇಳುವ ಸ್ಟ್ರ್‌ಲೆನ್‌ನಿಂದ ಅಳೆದು, ಅತಿ ಉದ್ದದ ಹೆಸರಿಗೆ ತಕ್ಕಂತೆ ಜಾಗ ಬಿಡೋಣ ಎಂದು ಒಂದು ಲೂಪ್ ಹಾಕಿ ಓಡಿಸಿದೆ. ಸುಮಾ ಆಂಟಿಯೂ ಬರಲಿಲ್ಲ, ಗಿರಿಜಮ್ಮನೂ ಬರಲಿಲ್ಲ. ಬಂದದ್ದು ಒಂದೇ ಸಾಲು: ಸೆಗ್ಮೆಂಟೇಶನ್ ಫಾಲ್ಟ್, ಕೋರ್ ಡಂಪ್ಡ್. ತನ್ನದಲ್ಲದ ಮೆಮೊರಿಗೆ ಕೈಹಾಕಿ ಪ್ರೋಗ್ರಾಮು ಬಿದ್ದುಹೋಯಿತು ಎಂದರ್ಥ.

ಇಂಥದ್ದಕ್ಕೆಲ್ಲ ನನ್ನ ಬಳಿ ಇದ್ದದ್ದು ಒಂದೇ ಕಷಾಯ. ಸಾಲುಗಳ ನಡುವೆ ಪ್ರಿಂಟ್‌ಎಫ್ ತುರುಕಿ "ಇಲ್ಲಿ 1", "ಇಲ್ಲಿ 2" ಎಂದು ಬರೆಸುವುದು. ಒಂದೂ ಬರಲಿಲ್ಲ. ಅಂದರೆ ಪ್ರೋಗ್ರಾಮು ಹೊಸಿಲು ದಾಟುವ ಮೊದಲೇ ಬೀಳುತ್ತಿದೆ ಎಂದು ತೀರ್ಮಾನಿಸಿ, ಭಾನುವಾರ ಮಧ್ಯಾಹ್ನದವರೆಗೆ, ನಾನು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತೆಗೆದು ಹಾಕಿ, ಹಾಕಿ ತೆಗೆದು ಮಾಡಿದೆ. ನಡೆದದ್ದು ಬೇರೆ. ನಾನು ಸಾಲಿನ ಕೊನೆಗೆ ನ್ಯೂಲೈನ್ ಹಾಕಿರಲಿಲ್ಲ. ಅದಿಲ್ಲದಿದ್ದರೆ ಮಾತು ಪರದೆಗೆ ಬರದೆ ಬಫರ್ ಎಂಬ ತಂಗುದಾಣದಲ್ಲೇ ಕಾಯುತ್ತಿರುತ್ತದೆ. ಪ್ರೋಗ್ರಾಮು ಹೇಳಬೇಕಾದ್ದನ್ನೆಲ್ಲ ಗಂಟಲಲ್ಲೇ ಇಟ್ಟುಕೊಂಡು ಪ್ರಾಣ ಬಿಟ್ಟಿತ್ತು.

ಆಫೀಸಿನ ಗೆಳೆಯನಿಗೆ ಫೋನ್ ಮಾಡಿದರೆ, "ಇನ್ನೂ ಪ್ರಿಂಟ್‌ಎಫ್‌ನಲ್ಲೇ ಇದ್ದೀಯಾ ಗುರೂ? ಜಿಡಿಬಿ ಹಾಕೋ" ಎಂದು ಇಟ್ಟುಬಿಟ್ಟ.

ಜಿಡಿಬಿ ಎಂದರೆ ಓಡುವ ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ತಪ್ಪು ಹುಡುಕುವ ಸಾಧನ, ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದದ್ದು. ಗುಂಡಿಯಿಲ್ಲ, ಬಣ್ಣದ ಚಿತ್ರವಿಲ್ಲ. ತೆರೆದ ಕೂಡಲೇ ಹತ್ತಿಪ್ಪತ್ತು ಸಾಲು ಲೈಸೆನ್ಸು ಓದಿಸಿ, ನಡುವೆ ದಪ್ಪಕ್ಷರದಲ್ಲಿ ಯಾವ ವಾರಂಟಿಯೂ ಇಲ್ಲ ಎನ್ನುತ್ತದೆ. "ಒಮ್ಮೆ ಮಾರಿದ ಮಾಲು ವಾಪಸ್ ಪಡೆಯಲಾಗುವುದಿಲ್ಲ" ಎಂಬ ಬೋರ್ಡಿನ ಹಾಗೆ. ಆಮೇಲೆ ಗಪ್‌ಚುಪ್. ನನ್ನ ಪ್ರೋಗ್ರಾಮಿನ ಸಾಲು ತೋರಿಸಲೆಂದು "ಲಿಸ್ಟ್" ಎಂದೆ. ಸಿಂಬಲ್ ಟೇಬಲ್ ಇಲ್ಲ, "ಫೈಲ್" ಕಮಾಂಡ್ ಬಳಸಿ ಎಂದಿತು. ಬಳಸಿದೆ. ಇದರಲ್ಲಿ ಸಿಂಬಲ್ ಇಲ್ಲವಲ್ಲ ಎಂದಿತು. ಮತ್ತೆ "ಲಿಸ್ಟ್" ಎಂದೆ, ಮತ್ತೆ "ಫೈಲ್" ಎಂದಿತು. ಮುಕ್ಕಾಲು ಗಂಟೆಯಾದ ಮೇಲೆ ತಿಳಿಯಿತು, ಕಂಪೈಲ್ ಮಾಡುವಾಗಲೇ ಒಂದು ಅಡ್ಡಗೆರೆ, ಪಕ್ಕಕ್ಕೊಂದು ಜಿ ಹಾಕಬೇಕಿತ್ತು. ಅದಿಲ್ಲದೆ ಜಿಡಿಬಿಗೆ ನನ್ನ ಸಾಲುಗಳೂ ಗೊತ್ತಿಲ್ಲ, ವೇರಿಯಬಲ್‌ಗಳ ಹೆಸರೂ ಗೊತ್ತಿಲ್ಲ.

ಜಿ ಹಾಕಿದೆ. ಪ್ರೋಗ್ರಾಮು ಶುರುವಾಗುವ ಮೇನ್‌ಗೆ ಒಂದು ಬ್ರೇಕ್‌ಪಾಯಿಂಟ್, ಅಂದರೆ ಇಲ್ಲಿ ನಿಲ್ಲು ಎಂಬ ಗುರುತು, ಇಟ್ಟು "ರನ್" ಎಂದರೆ, ಹೇಳಿದ ಜಾಗದಲ್ಲಿ ಕೈಕಟ್ಟಿ ನಿಂತಿತು! ನನ್ನ ಮಾತು ಈ ಮನೆಯಲ್ಲಿ ಯಾರೋ ಕೇಳಿದ್ದು ಅದೇ ಮೊದಲು. ಹುರುಪಿನಿಂದ ಮೊದಲನೇ ಹೆಸರು ತೋರಿಸು ಎಂದೆ. 340, 262, 270 ಎಂದು ಶುರುವಾಗಿ ಹನ್ನೆರಡು ಸಂಖ್ಯೆ ಸಾಲಾಗಿ ಬಂದವು. ಕನ್ನಡ ಅಕ್ಷರವನ್ನು ಜಿಡಿಬಿ ಹೀಗೆ ಬೈಟು ಬೈಟಾಗಿ ಬಿಡಿಸಿ ತೋರಿಸುತ್ತದೆ.

ಕಾಫಿ ತಂದ ಅಮ್ಮ ಕನ್ನಡಕ ಸರಿಮಾಡಿಕೊಂಡಳು. "ಏನೋ ಇದು?"

"ಸುಮಾ ಆಂಟಿ."

"ಅಯ್ಯೋ, ಅವಳು ಇಷ್ಟೊಂದು ಬಾಕಿ ಇಲ್ಲ ಕಣೋ!"

"ನೆಕ್ಸ್ಟ್" ಎಂದರೆ ಅದು ಒಂದು ಸಾಲು ಮುಂದೆ ಹೋಗುತ್ತದೆ. ಏನೂ ಬರೆಯದೆ ಬರೀ ಎಂಟರ್ ಒತ್ತಿದರೆ ಹಿಂದಿನ ಆಜ್ಞೆಯನ್ನೇ ಮತ್ತೆ ಪಾಲಿಸುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಅಮ್ಮನಿಗಂತೂ ಗೊತ್ತಿರಲು ಸಾಧ್ಯವೇ ಇಲ್ಲ. ನಾನು ಒಮ್ಮೆ "ನೆಕ್ಸ್ಟ್" ಎಂದು ಬಿಸ್ಕತ್ತಿಗಾಗಿ ಅಡುಗೆಮನೆಗೆ ಹೋದಾಗ ಕೀಬೋರ್ಡ್ ಮೇಲಿನ ಧೂಳು ನೋಡಲಾರದೆ ಸೆರಗಿನಿಂದ ಒರೆಸಿದ್ದಾಳೆ, ಅದೂ ಎಂಟರ್ ಇರುವ ಬಲಮೂಲೆಯನ್ನು ತಿಕ್ಕಿ ತಿಕ್ಕಿ. ವಾಪಸ್ ಬರುವಷ್ಟರಲ್ಲಿ ಪ್ರೋಗ್ರಾಮು ಲೂಪೆಲ್ಲ ಸುತ್ತಿ ಬಿದ್ದುಹೋಗಿತ್ತು. ಎರಡು ದಿನ ನನ್ನಿಂದಾಗದ್ದು ಸೆರಗಿನಿಂದಾಯಿತು.

ಬಿದ್ದಲ್ಲೇ "ಬ್ಯಾಕ್‌ಟ್ರೇಸ್" ಎಂದೆ. ಯಾರು ಯಾರನ್ನು ಕರೆದು ಇಲ್ಲಿಗೆ ಬಂದದ್ದು ಎಂದು ಹಿಂದಿನಿಂದ ಹೇಳುತ್ತದೆ. ಬೀದಿಯಲ್ಲಿ ಚಾಡಿಯ ಮೂಲ ಹುಡುಕುತ್ತಾರಲ್ಲ, ಥೇಟ್ ಹಾಗೆ. ಮೇಲ್ಗಡೆ ಸ್ಟ್ರ್‌ಲೆನ್ ಹೆಸರು. ಲೋಕವೆಲ್ಲ ಬಳಸುವ ಸ್ಟ್ರ್‌ಲೆನ್‌ನಲ್ಲಿ ತಪ್ಪು ಹಿಡಿದೆನಲ್ಲಾ ಎಂದು ಎರಡು ನಿಮಿಷ ಉಬ್ಬಿದೆ. "ಅಪ್" ಎಂದು ಒಂದು ಮೆಟ್ಟಿಲು ಹತ್ತಿದರೆ ನನ್ನದೇ ಸಾಲು. ಲೂಪಿನ ಎಣಿಕೆ ಇಡುವ ಐ ಎಷ್ಟು? 20. ಆ ಜಾಗದಲ್ಲಿರುವ ಹೆಸರು? ಬರೀ ಸೊನ್ನೆ.

ಸಿ ಎಣಿಸುವುದು ಸೊನ್ನೆಯಿಂದ. ಇಪ್ಪತ್ತು ಜನ ಅಂದರೆ 0ಯಿಂದ 19. "20ಕ್ಕಿಂತ ಕಡಿಮೆ" ಎನ್ನಬೇಕಾದಲ್ಲಿ ನಾನು ಒಂದು ಸಮ ಚಿಹ್ನೆ ಹೆಚ್ಚಿಗೆ ಹಾಕಿ, ಹುಟ್ಟದೇ ಇರುವ ಇಪ್ಪತ್ತೊಂದನೇ ಮೆಂಬರಿನ ಹೆಸರು ಅಳೆಯಲು ಹೊರಟಿದ್ದೆ.

ಸಾಕೆಂದು "ಕ್ವಿಟ್" ಒತ್ತಿದೆ. ಜಿಡಿಬಿಯ ಭಾಷೆಯಲ್ಲಿ ಅದು ಓಡಿಸುವ ಪ್ರೋಗ್ರಾಮಿಗೆ ಇನ್‌ಫೀರಿಯರ್ ಎಂದು ಹೆಸರು. ಅಮ್ಮ ಬೆರಳಿಟ್ಟು ಓದಿದಳು: "ಇನ್‌ಫೀರಿಯರ್ 1... ವಿಲ್ ಬಿ ಕಿಲ್ಡ್... ಕೊಲ್ಲೋದೇನೋ?"

"ಪ್ರೋಗ್ರಾಮ್ ಅಮ್ಮ. ವೈ ಒತ್ತಿದರೆ ಮುಗೀತು."

"ತಪ್ಪು ನಿಂದು. ಅದನ್ಯಾಕೆ ಕೊಲ್ತೀಯ? ಎನ್ ಒತ್ತು."

ಒತ್ತಿದೆ. ಬೇರೆ ಕಿಟಕಿ ತೆರೆದು ಸಮ ಚಿಹ್ನೆ ಅಳಿಸಿ ಓಡಿಸಿದೆ. ಇಪ್ಪತ್ತೂ ಹೆಸರು ಬಂದವು, ಬೈತಲೆ ತಪ್ಪಿದ ಜಡೆಯ ಹಾಗೆ ಸೊಟ್ಟಗೆ. ನಮಗೆ ಎರಡಕ್ಷರದ ಸುಮಾ, ಅಕ್ಷರದ ಬದಲು ಬೈಟು ಎಣಿಸುವ ಸ್ಟ್ರ್‌ಲೆನ್ ಲೆಕ್ಕದಲ್ಲಿ ಹನ್ನೆರಡು.

ಅಮ್ಮ ಆಗಲೇ ಡೈರಿ ತೆಗೆದು ಪೆನ್ಸಿಲ್ ಕೆತ್ತುತ್ತಿದ್ದಳು. "ಆ ಇನ್ನೊಂದು ಕಿಟಕೀಲಿ ಬಿದ್ದಿತ್ತಲ್ಲ, ಅದು ಎದ್ದಿತೇನೋ?" ಅಂದಳು.