ಪರವಾಗಿಲ್ಲ ಅನ್ಬೇಡಿ ಸಾರ್

ಕಳೆದ ಶುಕ್ರವಾರ ಗಾಂಧಿನಗರದ ಚಿತ್ರಮಂದಿರವೊಂದರಲ್ಲಿ ಬೆಳಗಿನ ಆಟ ಮುಗಿಸಿ ಹೊರಗೆ ಬರುತ್ತಿದ್ದೆ. ಕಣ್ಣು ಬಿಸಿಲಿಗೆ ಹೊಂದಿಕೊಳ್ಳುವ ಮೊದಲೇ ಮೂರು ಮೈಕುಗಳು ಬಾಯಿಗೆ ಬಂದವು. ಹಲ್ಲಿನ ಡಾಕ್ಟರು ಕೂಡ ಅಷ್ಟು ಹತ್ತಿರ ಬರುವ ಮುಂಚೆ ಒಂದು ಮಾತು ಹೇಳುತ್ತಾರೆ.

“ಹೇಗಿದೆ ಸಾರ್ ಸಿನಿಮಾ? ಒಂದೇ ಮಾತಲ್ಲಿ!”

“ಪರವಾಗಿಲ್ಲ” ಅಂದೆ.

ಹುಡುಗನ ಮುಖ ಬಾಡಿತು. ಕ್ಯಾಮೆರಾದವನಿಗೆ ನಿಲ್ಲಿಸು ಅಂತ ಕೈಸನ್ನೆ ಮಾಡಿ, ಮನೆಪಾಠದ ಮೇಷ್ಟ್ರಂತೆ ತಿಳಿಹೇಳಿದ: “ಪರವಾಗಿಲ್ಲ ಅನ್ಬೇಡಿ ಸಾರ್. ಬೆಂಕಿ ಅನ್ನಿ. ಇಲ್ಲಾಂದ್ರೆ ದುಡ್ಡು ವಾಪಸ್ ಕೊಡಿ ಅಂತ ಗಲಾಟೆ ಮಾಡಿ. ಎರಡೂ ಓಡುತ್ತೆ. ಇದು ಓಡಲ್ಲ.”

ಆ ವಿಡಿಯೋಗಳನ್ನು ನೀವೂ ನೋಡಿದ್ದೀರಿ, ನಾನು ವರ್ಣಿಸಬೇಕಿಲ್ಲ. ಸೀಟಿನ ತುದಿಗೆ ತಂದು ಕೂರಿಸುತ್ತೆ. ಬಿಜಿಎಂ ಬೆಂಕಿ. ಸೆಕೆಂಡ್ ಹಾಫ್ ಬೇರೆ ಲೆವೆಲ್. ಫ್ಯಾಮಿಲಿ ಸಮೇತ ಬಂದು ನೋಡಿ. ಚಿತ್ರದಲ್ಲಿ ಐದು ಕೊಲೆ, ಒಂದು ಕೊಡಲಿ. ಫ್ಯಾಮಿಲಿ ಸಮೇತ ಬನ್ನಿ.

ಈ ‘ಪರವಾಗಿಲ್ಲ’ದ ಬಗ್ಗೆ ನನಗೆ ಸ್ವಲ್ಪ ಮಮಕಾರ ಜಾಸ್ತಿ. ‘ಪರವಾ’ ಅನ್ನೋದು ಪರ್ಷಿಯನ್ನಿನದು. ಉರ್ದುವಿನ ಮೂಲಕ ಇಲ್ಲಿಗೆ ಬಂದು, ನಮ್ಮ ‘ಇಲ್ಲ’ವನ್ನು ಕಟ್ಟಿಕೊಂಡು, ಇಲ್ಲೇ ಸಂಸಾರ ಹೂಡಿತು. ಮೂರು ತಲೆಮಾರಿನ ಕನ್ನಡಿಗರ ವಿಮರ್ಶಾ ಸಾಹಿತ್ಯವೆಲ್ಲ ಇದೊಂದೇ ಪದದಲ್ಲಿದೆ. ಸೊಸೆ ಮಾಡಿದ ಸಾರಿಗೆ ಅತ್ತೆ ‘ಪರವಾಗಿಲ್ಲ’ ಅಂದರೆ ಅದು ರಾಜ್ಯೋತ್ಸವ ಪ್ರಶಸ್ತಿ. ಹೆಣ್ಣು ನೋಡಿ ಬಂದವರು ‘ಪರವಾಗಿಲ್ಲ’ ಅಂದರೆ ಛತ್ರ ಹುಡುಕಬಹುದು. ‘ಪರ್ವಾಗಿಲ್ಲಾ...’ ಅಂತ ರಾಗ ಎಳೆದರೆ ಹುಡುಕಬೇಕಾಗಿಲ್ಲ. ಕಾಲ ಮೇಲೆ ಆಟೋ ಹತ್ತಿಸಿದವನಿಗೂ ‘ಪರವಾಗಿಲ್ಲ ಬಿಡಿ’ ಅಂದು ಕುಂಟುತ್ತಾ ಹೋದ ಜನ ನಾವು. ನಮ್ಮನ್ನು ಹಿಡಿದು ಹತ್ತಕ್ಕೆ ಎಷ್ಟು ಅಂಕ ಅಂತ ಕೇಳಿದರೆ ಏನು ಹೇಳೋದು?

ಇನ್ನು ಆ ಚಿತ್ರ. ಹೆಸರು ಬೇಡ, ಇಂಗ್ಲಿಷಿನಲ್ಲಿತ್ತು, ನಡುವೆ ಒಂದು ಅಂಕಿಯೂ ಇತ್ತು. ಐವರು ಗೆಳೆಯರು ಸಕಲೇಶಪುರದ ಕಡೆ ಒಂದು ಎಸ್ಟೇಟ್ ಬಂಗಲೆಗೆ ಹೋಗುತ್ತಾರೆ. ಮೊಬೈಲಿಗೆ ಸಿಗ್ನಲ್ ಇಲ್ಲ. ಡ್ರೋನು ಮಾತ್ರ ಬಿಟ್ಟೂಬಿಡದೆ ಹಾರುತ್ತದೆ, ಬಾಡಿಗೆ ದಿನದ ಲೆಕ್ಕವಲ್ಲವೇ. ಒಳಗೆ ಹನ್ನೊಂದು ಜನ ಇದ್ದೆವು. ಮೂಲೆಯ ಜೋಡಿಗೆ ಪರದೆಯ ಕಡೆ ಗಮನವಿರಲಿಲ್ಲ, ಇಬ್ಬರು ಮಲಗಿದ್ದರು. ಹೊರಗೆ ಮೈಕಿನ ಮುಂದೆ ಮಾತ್ರ ಕಡಿಮೆಯೆಂದರೂ ಮೂವತ್ತು ಜನ ಭಾವುಕರಾಗಿ ನಿಂತಿದ್ದರು. ಸೀಟಿನ ತುದಿಗೆ ಬಂದವರು ಹಾಗೇ ಜಾರಿ ಬೀದಿಗೆ ಬಿದ್ದರೇನೋ. ಪಕ್ಕದಲ್ಲೇ ಟೆಂಪೊ ಟ್ರಾವೆಲರ್ ನಿಂತಿತ್ತು, ಒಳಗಿಂದ ಬಿರಿಯಾನಿ ಘಮ. ಕಣ್ಣೊರೆಸಿಕೊಳ್ಳುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. “ನಮ್ಮ ಭಾವಮೈದನ ಮಗ ಸಾರ್, ಮೂರನೇ ಹೆಣ ಅವನೇ” ಅಂದರು. ಮನೆಯ ಹುಡುಗ ಹೆಣವಾಗಿ ಮಲಗಿದರೆ ಯಾರಿಗೆ ತಾನೇ ಅಳು ಬರುವುದಿಲ್ಲ? ಅಲ್ಲಿದ್ದ ಅಭಿಪ್ರಾಯಗಳಲ್ಲಿ ಅಪ್ಪಟವಾದದ್ದು ಅದೊಂದೇ.

ಇಂಥ ಚಿತ್ರಗಳಲ್ಲಿ ಕೊಲೆಗಾರನನ್ನು ಹಿಡಿಯುವುದಕ್ಕೆ ನಮ್ಮಮ್ಮನ ಹತ್ತಿರ ಒಂದು ವಿದ್ಯೆ ಇದೆ. ವಯಸ್ಸು ಎಪ್ಪತ್ನಾಲ್ಕು. ಪತ್ತೇದಾರಿ ಕಾದಂಬರಿ ಓದಿದವರಲ್ಲ, ಆದರೆ ಮನೆಯ ಲೆಕ್ಕ ಬರೆದವರು. ಟೈಟಲ್ ಕಾರ್ಡು ಬರುವಾಗಲೇ ಹೆಸರುಗಳನ್ನು ನೋಡಿಕೊಂಡು, “ಇವನೇ ಕಣೋ” ಅನ್ನುತ್ತಾರೆ. ಹೇಗಮ್ಮ? “ಎಲ್ಲಾ ಹೊಸಬರು. ಹೆಸರು ಮಾಡಿದೋನು ಇವನೊಬ್ಬ. ಅಷ್ಟು ದುಡ್ಡು ಕೊಟ್ಟು ಕರೆಸಿ ಬರೀ ಕಾಫಿ ಟ್ರೇ ಹಿಡ್ಕೊಂಡು ಬಾ ಅಂತಾರೇನೋ?” ಇಲ್ಲಿಯವರೆಗೆ ತಪ್ಪಿಲ್ಲ. ದೊಡ್ಡ ಬಜೆಟ್ಟಿನ ಚಿತ್ರದಲ್ಲಿ ಈ ಸೂತ್ರ ನಡೆಯುವುದಿಲ್ಲ, ಅಲ್ಲಿ ಕಾಫಿ ತರುವವನೂ ಹೆಸರು ಮಾಡಿದವನೇ. ಬಡ ಥ್ರಿಲ್ಲರಿನಲ್ಲಿ ಖರ್ಚಿನ ಪಟ್ಟಿಯೇ ಚಾರ್ಜ್‌ಶೀಟ್. ಇನ್‌ಸ್ಪೆಕ್ಟರು ಮಾತ್ರ ಎರಡೂವರೆ ಗಂಟೆ ಲೆದರ್ ಜಾಕೆಟ್ ಹಾಕಿಕೊಂಡು, ಬೋರ್ಡಿಗೆ ಫೋಟೋ ಚುಚ್ಚಿ, ಕೆಂಪು ದಾರ ಕಟ್ಟುತ್ತಾನೆ. ದಾರದ ಬದಲು ಪ್ರೊಡಕ್ಷನ್ ಮ್ಯಾನೇಜರನ ಪುಸ್ತಕ ತರಿಸಿದ್ದರೆ ಇಂಟರ್‌ವಲ್ಲಿಗೇ ಮನೆಗೆ ಹೋಗಬಹುದಿತ್ತು. ಆಮೇಲೆ ಹೊರಗೆ ಬಂದು, “ಕ್ಲೈಮ್ಯಾಕ್ಸ್ ದಯವಿಟ್ಟು ಯಾರಿಗೂ ಹೇಳ್ಬೇಡಿ” ಅಂತ ಕೈಮುಗಿಯುತ್ತಾರೆ. ಆಯಿತು ಮಾರಾಯರೇ, ಅರ್ಥವಾಗಿದ್ದರೆ ತಾನೇ ಹೇಳೋದು.

ಟಿಕೆಟ್ ಆ್ಯಪಿನ ಕಥೆ ಇನ್ನೂ ಚೆಂದ. ನಾನು ಒಳಗೆ ಹೋಗುವಾಗಲೇ ಚಿತ್ರಕ್ಕೆ ಹತ್ತಕ್ಕೆ ಒಂಬತ್ತೂವರೆ ಬಂದಿತ್ತು. ಅದೇ ಮೊದಲ ಆಟ! ನೋಡುವ ಮುಂಚೆಯೇ ಮೆಚ್ಚುವ ಇಂಥ ರಸಿಕರು ಯಾವ ನಾಡಿನಲ್ಲಿದ್ದಾರು? ಎದುರು ಪಾಳಯದ ಅಭಿಮಾನಿಗಳು ಎದ್ದು ಕೂತರೆ ಅದೇ ಒಂಬತ್ತೂವರೆ ಸಂಜೆಗೆ ನಾಲ್ಕಕ್ಕಿಳಿಯುತ್ತದೆ. ನೋಡದೆ ಹೊಗಳುವವರಿಗೂ ನೋಡದೆ ಬೈಯುವವರಿಗೂ ಕದನ, ನಡುವೆ ನೋಡಿದ ಹನ್ನೊಂದು ಜನ ಬೆಪ್ಪುತಕ್ಕಡಿಗಳು. ಈ ಜಗಳ ಕೋರ್ಟಿಗೂ ಹೋಗಿದೆ. ಕೆಲವು ಚಿತ್ರಗಳ ಪುಟದಲ್ಲಿ ನ್ಯಾಯಾಲಯದ ಆದೇಶದಂತೆ ರೇಟಿಂಗ್ ಸ್ಥಗಿತ ಅಂತಲೇ ಬರೆದಿರುತ್ತದೆ. ಮೂರು ದಿನ ಯಾರೂ ವಿಮರ್ಶೆ ಮಾಡದಂತೆ ತಡೆಯಿರಿ ಅಂತ ತಮಿಳು ನಿರ್ಮಾಪಕರು ಕೇಳಿದ್ದಕ್ಕೆ ಮದ್ರಾಸ್ ಹೈಕೋರ್ಟ್ 2024ರ ಡಿಸೆಂಬರಿನಲ್ಲಿ ಮಧ್ಯಂತರ ಆದೇಶ ಕೊಡಲಿಲ್ಲ. ಅದೇ ವರ್ಷ ಕೇರಳ ಹೈಕೋರ್ಟಿನಲ್ಲಿ ಅಮಿಕಸ್ ಕ್ಯೂರಿಯ, ಅಂದರೆ ಕೋರ್ಟಿಗೆ ನೆರವಾಗಲು ನೇಮಕವಾದ ವಕೀಲರ ಸಲಹೆ, ಬಿಡುಗಡೆಯಾಗಿ 48 ಗಂಟೆ ವಿಮರ್ಶೆ ಬೇಡ ಅಂತ. ಒಳ್ಳೆಯ ಸಲಹೆಯೇ. ಆದರೆ ನಮ್ಮ ಬಡ ಥ್ರಿಲ್ಲರಿಗೆ ದೇವರು ಕೊಟ್ಟ ಆಯುಷ್ಯವೇ ಅಷ್ಟು. ಶುಕ್ರವಾರ ಹುಟ್ಟಿ ಭಾನುವಾರ ಹೋಗುವ ಕೂಸಿಗೆ ತಿಥಿಯ ದಿನ ತೊಟ್ಟಿಲು ತಂದುಕೊಟ್ಟಂತಾದೀತು.

ಸರ್ಕಾರವೂ ಸುಮ್ಮನೆ ಕೂತಿಲ್ಲ. ಟಿಕೆಟ್ ದರ 200 ರೂಪಾಯಿ ಮೀರಬಾರದು ಅಂತ 2025ರ ಸೆಪ್ಟೆಂಬರಿನಲ್ಲಿ ನಿಯಮ ತಂದಿತು, ಅದೇ ತಿಂಗಳು ಹೈಕೋರ್ಟಿನಿಂದ ತಡೆಯೂ ಬಂತು. ನಮ್ಮ ಮೂರನೇ ಹೆಣದ ಕಡೆಯವರಿಗೆ ಇದರಿಂದ ಬಾಧಕವಿಲ್ಲ. ಅವರಿಗೆ ಟಿಕೆಟ್ ಫ್ರೀ, ಮೇಲೆ ಬಿರಿಯಾನಿ.

ಇಷ್ಟೆಲ್ಲ ನಗುತ್ತಲೇ ಬರೆಯೋಣ ಅಂತ ಕೂತವನು ನಾನು. ಆದರೆ ಆಟ ಬಿಟ್ಟಾಗ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಏಳದೆ ಕೂತಿದ್ದ. ನಿರ್ದೇಶಕನಂತೆ, ಗೇಟಿನವರು ಹೇಳಿದರು. ನೆಲಮಂಗಲದ ಕಡೆ ಅಪ್ಪ ತೆಗೆದಿಟ್ಟಿದ್ದ ಸೈಟು ಮಾರಿ ಮಾಡಿದ ಸಿನಿಮಾ ಅಂತೆ. ಅವನ ಮುಂದೆ ಒಬ್ಬನೂ ಮೈಕ್ ಹಿಡಿದಿರಲಿಲ್ಲ. ಚಿತ್ರದಲ್ಲಿ ಎರಡು ದೃಶ್ಯಗಳು ನಿಜಕ್ಕೂ ಚೆನ್ನಾಗಿದ್ದವು. ಮಳೆಯಲ್ಲಿ ಆ ಕೆಲಸದ ಹೆಂಗಸು ಬಾಗಿಲು ತೆಗೆಯದೆ ಮಾತಾಡುವುದು ಈಗಲೂ ಕಣ್ಣ ಮುಂದಿದೆ. ಅದನ್ನು ಅವನಿಗೆ ಹೇಳುವವರು ಯಾರು? ಹೊಗಳಿಕೆಗೆ ಒಂದು ರೇಟು, ತೆಗಳದೇ ಇರುವುದಕ್ಕೆ ಇನ್ನೊಂದು ರೇಟು ಅಂತ ಗಾಂಧಿನಗರದಲ್ಲಿ ಟೀ ಕುಡಿಯುವವರೆಲ್ಲ ಹೇಳುತ್ತಾರೆ. ಆ ಸೈಟಿನ ದುಡ್ಡಲ್ಲಿ ಒಂದು ಮೂಲೆ ಅದಕ್ಕೂ ಹೋಗಿರುತ್ತದೆ. ಸುಳ್ಳು ಹೇಳುವುದಕ್ಕೆ ಅವನ ಕೈಯಿಂದಲೇ ದುಡ್ಡು ಕೀಳುತ್ತೀರಲ್ಲ, ನಾಚಿಕೆಯಾಗಬೇಕು. ಮೇಲಿಂದ ‘ಕನ್ನಡ ಸಿನಿಮಾ ಉಳಿಸಿ’ ಅಂತ ಭಾಷಣ ಬೇರೆ. ಪ್ರತಿ ಶುಕ್ರವಾರ ಎಲ್ಲದಕ್ಕೂ ಬೆಂಕಿ ಬೆಂಕಿ ಅಂತ ಕೂಗಿದರೆ, ನಿಜವಾಗಿ ಹೊತ್ತಿಕೊಂಡ ದಿನ ಯಾರೂ ತಿರುಗಿ ನೋಡುವುದಿಲ್ಲ.

ಹೊತ್ತಿಕೊಳ್ಳುವುದೇ ಇಲ್ಲ ಅಂತಲ್ಲ. 2025ರ ಜುಲೈನಲ್ಲಿ ‘ಸು ಫ್ರಮ್ ಸೋ’ ಬಂದಾಗ ನಾನು ಅದರ ಹೆಸರು ಮೊದಲು ಕೇಳಿದ್ದು ಬನಶಂಕರಿಯ ತರಕಾರಿ ಅಂಗಡಿಯಲ್ಲಿ. ಅಂಗಡಿಯವಳು ಸೊಪ್ಪು ಕಟ್ಟುತ್ತಾ ಅದರ ಮಾತು ಹೇಳಿ ತಾನೇ ನಕ್ಕಳು, ಚಿಲ್ಲರೆ ಕೊಡುವುದನ್ನೇ ಮರೆತಳು. ಮಾರನೇ ದಿನ ಹೋದರೆ ಟಿಕೆಟ್ ಇಲ್ಲ.

ಮೈಕಿನ ಹುಡುಗನ ವಿಡಿಯೋ ಮಂಗಳವಾರ ತಂಗಿಯ ಮಗ ಕಳಿಸಿದ. ಅಷ್ಟರಲ್ಲಿ ಚಿತ್ರ ಎತ್ತಂಗಡಿಯಾಗಿತ್ತು, ಅದರ ಪೋಸ್ಟರಿನ ಮೇಲೆ ಇನ್ನೊಂದು ಬಂಗಲೆ, ಇನ್ನೈದು ಗೆಳೆಯರು. ನನ್ನ ಮಾತು ಕತ್ತರಿಸಿರುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಇಟ್ಟಿದ್ದಾರೆ. ಪ್ರಶ್ನೆ ಮಾತ್ರ ಬೇರೆ.

“ಇನ್ನೊಂದ್ಸಲ ಟಿಕೆಟ್ ತಗೊಂಡು ಫ್ಯಾಮಿಲಿ ಸಮೇತ ನೋಡ್ಬೇಕಾದ್ರೂ ಸಾರ್?”

“ಪರವಾಗಿಲ್ಲ.”