ಶಾಲು ಹೊದಿಸಿದ್ರಿ, ಪಗಾರ ಯಾವಾಗ?

ನಿನ್ನೆ ಅಕ್ಟೋಬರ್ 1, ಹಿರಿಯರ ದಿನ ಅಂತ ನಮ್ಮ ರಾಯಚೂರಿನ ಒಂದು ವೃದ್ಧಾಶ್ರಮದಾಗ ಕಾರ್ಯಕ್ರಮ ಇತ್ತು, ಕರದಿದ್ರು, ಹೋಗಿದ್ದೆ. (ಹೆಸರು ಕೇಳಬ್ಯಾಡ್ರಿ, ಹೇಳಂಗಿಲ್ಲ.) ಪೆಂಡಾಲು, ಮೈಕು, ಅಜ್ಜ-ಅಜ್ಜಿಯರಿಗೆ ಶಾಲು, ಹಣ್ಣಿನ ಬುಟ್ಟಿ, ಫೋಟೋ. ಎಲ್ಲಾ ಚಲೋನ ಇತ್ತು. ಆದ್ರ ವೀಲ್‌ಚೇರ್ ಹಿಡ್ಕೊಂಡು ಹಿಂದ ಅವ್ರನ್ನ ನೋಡ್ಕೊಳ್ಳೋ ಕೆಲಸದ ನಾಲ್ಕು ಮಂದಿ ಹೆಣ್ಮಕ್ಕಳು ಎರಡು ತಾಸು ನಿಂತೇ ಇದ್ರು, ಒಂದು ಕುರ್ಚಿ ಕೊಡೋರಿಲ್ಲ. ಭಾಷಣದಾಗ ಮಾತ್ರ ‘ಇವ್ರು ಸಾಕ್ಷಾತ್ ತಾಯಂದಿರು, ಪುಣ್ಯದ ಕೆಲಸ ಮಾಡಾಕತ್ತಾರ’ ಅಂತ ಅಂದಿದ್ದಕ್ಕ ಭರ್ಜರಿ ಚಪ್ಪಾಳಿ. ಊಟದ ಹೊತ್ತಿನ್ಯಾಗ ಅವ್ರಾಗೊಬ್ರು ಹತ್ರ ಬಂದು ಸಣ್ಣಗ ಅಂದ್ರು, ‘ಅಣ್ಣಾರ, ಎರಡು ತಿಂಗಳ ಪಗಾರ ಆಗಿಲ್ರಿ.’

ತಲಿ ಕೆಟ್ಟಿದ್ದು ಅಲ್ಲೇ. ಪುಣ್ಯ ಪುಣ್ಯ ಅಂತೀರಲ್ಲ, ಕಿರಾಣಿ ಅಂಗಡ್ಯಾಗ ಪುಣ್ಯಕ್ಕ ಜ್ವಾಳ ತೂಗಿ ಕೊಡ್ತಾರೇನ್ರಿ?

ಹಾಸಿಗಿ ಹಿಡದವ್ರನ್ನ ಎರಡೆರಡು ತಾಸಿಗೆ ಮಗ್ಗಲ ಬದಲಿಸಬೇಕು, ಇಲ್ಲಾಂದ್ರ ಬೆನ್ನಿಗೆ ಹುಣ್ಣು ಬೀಳ್ತಾವ, ಅದರ ಜೋಡಿ ಮೂಗಿನ ನಳಿಗ್ಯಾಗ ಗಂಜಿ, ಡೈಪರ್, ಯೂರಿನ್ ಬ್ಯಾಗ್, ರಾತ್ರಿ ಎಂಟಕ್ಕ ಬಂದಾಕಿ ಮುಂಜಾನಿ ಎಂಟರ ತನಕ ಇಷ್ಟನ್ನೂ ಒಬ್ಬಾಕೀನೇ ನೋಡ್ಕೋಬೇಕು. ತನಗಿಂತ ತೂಕದವ್ರನ್ನ ಎತ್ತಿ ಎತ್ತಿ ನಡ ಹಿಡದು ಹೋಗಿರ್ತದ. ಹಂಗಂತ ಕೆಲಸ ಬ್ಯಾಡಾಗಿಲ್ಲ, ನಾನೇ ಕೇಳಿದೆ. ‘ಮೂರು ದಿನದಿಂದ ಬಾಯಿ ತೆರೀದ ಅಜ್ಜಿ ಇವತ್ತು ಒಂದು ಬಟ್ಟಲ ಗಂಜಿ ಕುಡದ್ಳರಿ’ ಅನ್ನೋವಾಗ ಆಕಿ ಮುಖ ನೋಡಬೇಕಿತ್ತು ನೀವು. ಆ ಖುಷೀನೇ ಆಶ್ರಮದವ್ರು ಪಗಾರದಾಗ ಹಿಡ್ಕೊಂತಾರ ನೋಡ್ರಿ.

‘ದಾನದ ಮ್ಯಾಲ ನಡೀತದ, ರೊಕ್ಕ ಎಲ್ಲಿಂದ ತರಬೇಕು’ ಅಂದ್ರು ಒಬ್ರು ಸರ್. ಖರೇ ಇರಬೋದು. ಹಂಗಾರ ಪೆಂಡಾಲಿನವ ಪುಣ್ಯಕ್ಕ ಹಾಕಿದ್ನಾ? 2007ರ ಹಿರಿಯ ನಾಗರಿಕರ ಕಾಯ್ದ್ಯಾಗ ಜಿಲ್ಲೆಗೊಂದರ ವೃದ್ಧಾಶ್ರಮ, ಕನಿಷ್ಠ 150 ಬಡ ವೃದ್ಧರಿಗೆ ಜಾಗ ಅಂತ ಬರದಾರ, ಅವ್ರನ್ನ ಎತ್ತಿ ಕೂಡಸೋರ ಪಗಾರದ ಮಾತು ಅದರಾಗ ಇಲ್ಲ. ಮನಿಗೆಲಸದವ್ರಿಗೆ ಕನಿಷ್ಠ ಕೂಲಿ ಅಂತ ನಮ್ಮ ರಾಜ್ಯದಾಗ 2004ರಾಗೇ ಆಗ್ಯದ, ನಮ್ಮ ಓಣ್ಯಾಗ ಎಷ್ಟು ಮಂದಿಗೆ ಗೊತ್ತದ?

ಗೊತ್ತಿದ್ರ ಕೊಡ್ತಿದ್ವೇನು... ನಮ್ಮನಿ ಕತೀನೇ ಹೇಳ್ತೀನಿ. ಅವ್ವ ಹಾಸಿಗಿ ಹಿಡದಾಗ ದೇವದುರ್ಗದ ಕಡಿಯಾಕಿ ಒಬ್ಬಾಕಿ ಹನ್ನೊಂದು ತಿಂಗಳು ನಮ್ಮನ್ಯಾಗ ಇದ್ಲು. ನಾ ತಿನ್ನಸಾಕ ಹೋದ್ರ ಅವ್ವ ಗಟ್ಟಿ ಬಾಯಿ ಮುಚ್ಚತಿದ್ಲು, ಆಕಿ ಕುಂತ್ರ ತೆರೀತಿದ್ಲು. ಮಗಳ ಹೆರಿಗಿ ಅಂತ ಎರಡು ದಿನ ಊರಿಗೆ ಹೋಗಿದ್ದಕ್ಕ ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ್ಯಾಗ ಗುಂಡಗ ಗೆರಿ ಹಾಕಿಟ್ಟು, ತಿಂಗಳ ಕೊನಿಗೆ ಎರಡು ದಿನದ ರೊಕ್ಕ ಹಿಡದು ಕೊಟ್ಟಿದ್ದೆ. ಹೌದು, ನಾನೇ. ಮೇ 1ಕ್ಕ ಇಲ್ಲಿ ಉದ್ದುದ್ದ ಬರಿಯೋನು.

ನಿನ್ನೆ ರಾತ್ರಿ ಅದು ನೆನಪಾಗಿ, ಆ ಎರಡು ದಿನದ್ದು ಫೋನ್‌ಪೇ ಮಾಡಿಬಿಡಾಣ ಅಂತ ನಂಬರ್ ಹುಡಕಿದ್ರ, ‘ಆಯಾ’ ಅಂತ ಸೇವ್ ಮಾಡ್ಕೊಂಡೀನಿ. ಹನ್ನೊಂದು ತಿಂಗಳು ಮನ್ಯಾಗ ಇದ್ದಾಕಿ. ಹೆಸರು ಅವ್ವಗ ಗೊತ್ತಿತ್ತು.