ಸೋಲನ್ನು ಹೋವರ್ಡ್ ತಲೆಗೆ ಕಟ್ಟಬೇಡಿ

2024ರ ಅಮೆರಿಕನ್ ಕಾಲೇಜು ಫುಟ್‌ಬಾಲ್‌ನಲ್ಲಿ ಮಿಷಿಗನ್ ಎದುರು ಓಹಾಯೋ ಸ್ಟೇಟ್ 10-13ರಿಂದ ಸೋತಿದ್ದಕ್ಕೆ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಆಟಗಾರ) ವಿಲ್ ಹೋವರ್ಡ್‌ನ ಎರಡು ಇಂಟರ್‌ಸೆಪ್ಷನ್‌ಗಳೇ (ಎದುರಾಳಿ ಕೈ ಸೇರಿದ ಪಾಸ್‌ಗಳೇ) ಕಾರಣ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಎದುರಾಳಿಗಳನ್ನು ತಡೆದು ದಾರಿ ಮಾಡಿಕೊಡುವ ಓಹಾಯೋದ ಮುಂಚೂಣಿಯ ಸೆಂಟರ್ ಮೆಕ್‌ಲಾಫ್ಲಿನ್, ಲೆಫ್ಟ್ ಟ್ಯಾಕಲ್ ಸಿಮನ್ಸ್ ಇಬ್ಬರೂ ಗಾಯವಾಗಿ ಹೊರಗಿದ್ದರು. ಎದುರಿಗೆ ಮಿಷಿಗನ್ ರಕ್ಷಣೆಯ ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್ ಗೋಡೆಯ ಹಾಗೆ ನಿಂತಿದ್ದರು. ಆ ನಡುಭಾಗಕ್ಕೇ ಕೋಚ್‌ಗಳು ಚೆಂಡು ಕೊಟ್ಟು ಮತ್ತೆ ಮತ್ತೆ ಓಡಿಸಿದ್ದು ಯಾಕೆ? 26 ಸಲ ಓಡಿ ಸಿಕ್ಕಿದ್ದು ಬರೀ 77 ಗಜ! ಮಿಷಿಗನ್‌ನ ಮುಖ್ಯ ಕಾರ್ನರ್‌ಬ್ಯಾಕ್ (ಪಾಸ್ ಹಿಡಿಯುವವರನ್ನು ತಡೆಯುವ ಆಟಗಾರ) ವಿಲ್ ಜಾನ್ಸನ್ ಅವತ್ತು ಆಡಲೇ ಇಲ್ಲ. ಆದರೂ ಪಾಸ್ ಹಿಡಿಯುವ ಓಹಾಯೋ ಆಟಗಾರ ಜೆರೆಮೈಯಾ ಸ್ಮಿತ್ ಹಿಡಿದಿದ್ದು ಐದೇ ಪಾಸ್, 35 ಗಜ. ಓಹಾಯೋದ ಎರಡು ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದೆಯುವುದು) ಬೇರೆ ತಪ್ಪಿದವು. ಮೂರು ವಾರದ ನಂತರ ಇದೇ ಹೋವರ್ಡ್ ಶುರುವಿನಿಂದಲೇ ಸ್ಮಿತ್‌ಗೆ ಉದ್ದಕ್ಕೆ ಎಸೆದ, ಟೆನೆಸ್ಸಿ ವಿರುದ್ಧ 42-17ರಿಂದ ಗೆದ್ದರು. ಹುಡುಗ ಬದಲಾಗಿರಲಿಲ್ಲ, ಕೋಚ್‌ಗಳ ಪ್ಲ್ಯಾನ್ ಬದಲಾಗಿತ್ತು ಅಲ್ವಾ?